ಮೂರು ಕಿಲೋ ನೂರಿಪ್ಪತ್ತು ಗ್ರಾಂ ಮೊಮ್ಮಗಳು

ನಾಗುಮೊ ತೆತ್ಸುಜಿ ಮೂವತ್ತೊಂದು ವರ್ಷ ಜನರನ್ನು ರೈಲಿನೊಳಕ್ಕೆ ತಳ್ಳಿದ. ಬೆಳಗಿನ ನೂಕುನುಗ್ಗಲಿನಲ್ಲಿ ಬಿಳಿ ಕೈಗವಸು ತೊಟ್ಟು ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಬಾಗಿಲಿನಿಂದ ಹೊರಗೆ ಉಳಿದ ಬೆನ್ನು, ಬ್ಯಾಗು, ಕೋಟಿನ ತುದಿ ಎಲ್ಲವನ್ನೂ ಒಳಕ್ಕೆ ಒತ್ತುವುದು ಅವನ ಕೆಲಸ. ಅವನು ತಳ್ಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಸಾಲು ಚಂದ್ರನ ತನಕ ಹೋಗಿ, ಅಲ್ಲಿಯೂ ಜಾಗ ಸಾಲದೆ ವಾಪಸು ಟೋಕಿಯೊಗೆ ಬರುತ್ತಿತ್ತು. ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ಸೀಟಿ ಊದುತ್ತಿದ್ದವನು ನಾನು. ಹಾಗಾಗಿ ಈ ಮಾತಿಗೆ ನಾನೇ ಸಾಕ್ಷಿ. ಉಳಿದ ಸಾಕ್ಷಿಗಳು ಆಗ ಉಸಿರಾಡುವ ಸ್ಥಿತಿಯಲ್ಲಿರಲಿಲ್ಲ.

ಅಂಥವನಿಗೆ ಎಪ್ಪತ್ತನೆಯ ವಯಸ್ಸಿನಲ್ಲಿ, ಮೊಮ್ಮಗಳಿಗೊಂದು ತಳ್ಳುಗಾಡಿ ಆರಿಸುವ ಕೆಲಸ ಬಂತು. ತಳ್ಳುವುದರಲ್ಲಿ ತನಗಿಂತ ಬಲ್ಲವರು ಈ ಊರಿನಲ್ಲಿಲ್ಲ ಎಂದು ಅವನು ನಂಬಿದ್ದ. ಅನಾಹುತಗಳೆಲ್ಲ ಶುರುವಾಗುವುದು ಇಂಥ ನಂಬಿಕೆಯಿಂದಲೇ.

ಮಗಳು ಚಿಜುರು ಇರುವುದು ನಮ್ಮ ಪಕ್ಕದ ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ನಲವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಲಿದೆ ಎಂಬ ವಾಸನೆ ಕಂಪನಿಗಳಿಗೆ ಹೇಗೋ ಬಡಿಯುತ್ತದೆ. ಹೆರಿಗೆಗೆ ಮೂರು ವಾರ ಇರುವಾಗ ಅವಳ ಗಂಡನನ್ನು ಅವನ ಕಂಪನಿ ದೂರದ ಸಪ್ಪೊರೊಗೆ ವರ್ಗ ಮಾಡಿತು. ಮಗು ಹುಟ್ಟಿತು. ಹೆಸರು ಇಬುಕಿ. ಬಾಣಂತಿ ಒಂದು ತಿಂಗಳು ಹೊಸಿಲು ದಾಟುವಂತಿಲ್ಲ ಎಂದು ಅಕ್ಕಪಕ್ಕದ ಮುದುಕಿಯರೆಲ್ಲ ಅಪ್ಪಣೆ ಕೊಡಿಸಿದರು. ಚಿಜುರು ಒಪ್ಪಿದಳು. ಆದರೆ ಅಪ್ಪನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದಳು.

"ಅಪ್ಪ, ತಿಂಗಳು ತುಂಬಿದ ದಿನ ಆಸ್ಪತ್ರೇಲಿ ತಪಾಸಣೆ ಇದೆ. ರೈಲಲ್ಲಿ ಎರಡು ಸ್ಟೇಷನ್. ನಾನು ಒಬ್ಬಳೇ ಹೋಗಿ ಬರಬೇಕು. ಹೊರಗೆ ಹೋಗೋಕೆ ಪ್ರತಿ ಸಲ ಯಾರನ್ನಾದ್ರೂ ಕೂಗಬೇಕು ಅಂದ್ರೆ ನಾನು ಕೂಗೋದೇ ಇಲ್ಲ. ಒಳಗೇ ಕೂತುಬಿಡ್ತೀನಿ. ನನ್ನನ್ನ ನಾನು ಬಲ್ಲೆ."

"ಗಾಡಿ ವಿಷಯ ನನಗೆ ಬಿಡು," ಎಂದ ನಾಗುಮೊ.

ಆ ವಾರವೇ ಮಗು ಹುಟ್ಟಿದ ಸಂತೋಷದ ಉಡುಗೊರೆಗಳಿಗೆ ಮರು ಉಡುಗೊರೆಯಾಗಿ ಚಿಜುರು ಅಕ್ಕಿ ಹಂಚಿದಳು. ಮಗುವಿನ ತೂಕದಷ್ಟೇ ಅಕ್ಕಿ, ಹೊದಿಕೆಯಲ್ಲಿ ಸುತ್ತಿದ ಕೂಸಿನ ಆಕಾರದ ಚೀಲ, ಮೇಲೆ ಮಗುವಿನ ಮುಖದ ಚಿತ್ರ. ದೂರದವರು ಎತ್ತಿಕೊಂಡು ಮುದ್ದಾಡಿ, ಆಮೇಲೆ ಅನ್ನ ಮಾಡಿಕೊಂಡು ಉಣ್ಣಲಿ ಎಂದು. ನನ್ನ ಪಾಲಿನದನ್ನು ನಾನು ಎಂಟು ದಿನದಲ್ಲಿ ಮುಗಿಸಿದೆ. ಒಳ್ಳೆಯ ಅಕ್ಕಿ. ನಾಗುಮೊ ಮಾತ್ರ ಮೂರು ಕಿಲೋ ನೂರಿಪ್ಪತ್ತು ಗ್ರಾಂ ಚೀಲವನ್ನು ಎದೆಗವಚಿಕೊಂಡು, ನಾನು ನರಭಕ್ಷಕನೋ ಎಂಬಂತೆ ನನ್ನನ್ನೇ ನೋಡಿದ.

"ಅದರ ಮುಖ ಕತ್ತರಿಸೋಕೆ ಕೈ ಹೇಗೆ ಬಂತಯ್ಯಾ ನಿನಗೆ?"

"ಮುಖ ಬಿಟ್ಟು ಹಿಂದುಗಡೆಯಿಂದ ಕತ್ತರಿಸ್ದೆ," ಎಂದೆ.

ಆಗಲೇ ಅವನ ತಲೆಯಲ್ಲಿ ಆ ಮಹಾ ಯೋಜನೆ ಹುಟ್ಟಿದ್ದು. ನಿಜವಾದ ಮೊಮ್ಮಗಳು ಹೊರಗೆ ಬರುವಂತಿಲ್ಲ. ಅದೇ ತೂಕ, ಅದೇ ಉದ್ದ, ಅದೇ ಮುಖ ಇರುವ ಇನ್ನೊಬ್ಬಳು ಕೈಯಲ್ಲಿದ್ದಾಳೆ. ಪರೀಕ್ಷೆಗೆ ಇನ್ನೇನು ಬೇಕು?

ಮೊದಲು ಊರನ್ನೇ ಅಳೆದ. ಟಿಕೆಟ್ ಗೇಟಿನ ಅಗಲ, ಸ್ಟೇಷನ್ ಲಿಫ್ಟಿನ ಆಳ, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು, ಮೆಟ್ಟಿಲಿನ ತಿರುವು. ಭೂಕಂಪದ ಇಲಾಖೆಯವರೂ ನಮ್ಮ ಬಡಾವಣೆಯನ್ನು ಅಷ್ಟು ಶ್ರದ್ಧೆಯಿಂದ ಅಳೆದಿಲ್ಲ. ಆಮೇಲೆ ಚೀಲವನ್ನು ಎತ್ತಿಕೊಂಡು ಅಂಗಡಿಗೆ ನಡೆದ. ಹಿಂದೆ ನಾನು.

ಅಂಗಡಿಯ ಹೆಣ್ಣುಮಗಳು ನಡು ಬಗ್ಗಿಸಿ ನಮಸ್ಕರಿಸಿ ಕೇಳಿದಳು, "ಮಗೂಗೆ ಎಷ್ಟು ದಿನ, ತಾತ?"

"ಹೊಸಾದು. ಈ ಸಲದ ಬೆಳೆ," ಎಂದ ನಾಗುಮೊ, ಚೀಲದ ತುದಿ ಸರಿಪಡಿಸುತ್ತ.

ಅವಳು ಬಗ್ಗಿ ನೋಡಿದಳು. ನಗದಿರಲು ಅವಳಿಗೆ ತರಬೇತಿ ಕೊಟ್ಟಿರಬೇಕು. ಆ ತರಬೇತಿಯ ಅಷ್ಟೂ ದಿನಗಳು ಮುಖದ ಮೇಲೆ ಒಂದೊಂದಾಗಿ ಹಾದುಹೋದವು. "ತುಂಬಾ ಸಾಧು ಮಗು," ಎಂದಳು.

ಮಲಗಿಸುವಂತೆ ಚಪ್ಪಟೆಯಾಗುವ ಗಾಡಿಗಳನ್ನೆಲ್ಲ ತೋರಿಸಿ, ಕುಂಬಳಕಾಯಿ ಬಣ್ಣದ ಒಂದನ್ನು ಮುಂದಕ್ಕೆಳೆದಳು. ನೋಡಿದರೆ ರಸ್ತೆ ದುರಸ್ತಿಯವರು ಮರೆತು ಹೋದ ಸಾಮಾನಿನಂತಿತ್ತು. "ತಾತ, ಇದು ಒಂದು ಕಿಲೋ ಜಾಸ್ತಿ ಭಾರ. ಆದರೆ ಒಂದೇ ಕೈಲಿ ಮಡಚಬಹುದು."

"ಒಂದೇ ಕೈ ಯಾಕಮ್ಮ? ದೇವರು ಎರಡು ಕೊಟ್ಟಿದ್ದಾನೆ. ರೈಲ್ವೆಗೆ ಎರಡನ್ನೂ ದುಡಿಸಿದ್ದೀನಿ."

ಅವನು ಆರಿಸಿದ್ದು ಬೂದು ಬಣ್ಣದ ತೆಳ್ಳನೆಯದನ್ನು. ಮಡಚಿದರೆ ಕೊಡೆಯಷ್ಟಾಗುತ್ತಿತ್ತು. ಅಲ್ಲಿಂದ ನೇರ ಸ್ಟೇಷನ್ನಿಗೆ, ಮೊಮ್ಮಗಳ ಮೊದಲ ರೈಲು ಪ್ರಯಾಣ. ಗೇಟಿನಲ್ಲಿ ತೂರಿತು, ಲಿಫ್ಟಿನಲ್ಲಿ ಹಿಡಿಯಿತು, ಸಂದು ದಾಟಿತು. ಮುಂದಿನ ಸ್ಟೇಷನ್ನಿನಲ್ಲಿ ಜನ ತುಂಬಿಕೊಂಡರು. ನಮ್ಮವರಿಗೆ ಸಾಯುವುದಕ್ಕಿಂತ ದೊಡ್ಡ ಭಯ ಬೇರೆಯವರಿಗೆ ತೊಂದರೆ ಕೊಡುವುದು. ನಾಗುಮೊ ಎಡಕ್ಕೆ ಎರಡು, ಬಲಕ್ಕೆ ಎರಡು ಕ್ಷಮೆ ಕೇಳಿ, ಕೂಸನ್ನು ಎತ್ತಿ ತಲೆಯ ಮೇಲಿನ ಲಗೇಜ್ ಅಟ್ಟದಲ್ಲಿಟ್ಟು, ಗಾಡಿಯನ್ನು ಪಟಪಟ ಮಡಚಿದ. ನಾಲ್ಕೇ ಸೆಕೆಂಡು.

ಎದುರಿಗೆ ಕೂತಿದ್ದ ಅಜ್ಜಿಯೊಬ್ಬಳು ಅಟ್ಟದ ಕಡೆ ನೋಡಿದಳು, ಅವನ ಕಡೆ ನೋಡಿದಳು. "ಅಲ್ಲಿ... ಮಗೂಗೆ ಪರವಾಗಿಲ್ವಾ?"

"ಮೇಲೆ ಗಾಳಿ ಚೆನ್ನಾಗಿದೆ," ಎಂದೆ ನಾನು. ಅಜ್ಜಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದಳು. ಅವಳು ಇಳಿಯಬೇಕಾದ ಸ್ಟೇಷನ್ ಅದಾಗಿರಲಿಲ್ಲ ಎಂದು ನನ್ನ ಅನುಮಾನ.

ತಪಾಸಣೆಗೆ ಮೂರು ದಿನ ಇರುವಾಗ, ನಾಗುಮೊ ಗಾಡಿಯನ್ನು ಯುದ್ಧ ಗೆದ್ದ ಕತ್ತಿಯಂತೆ ಹೆಗಲಿಗೇರಿಸಿಕೊಂಡು ನಲವತ್ತೆಂಟು ಮೆಟ್ಟಿಲು ಹತ್ತಿದ. ಹಿಂದೆಯೇ ನಾನೂ ಹತ್ತಿದೆ. ಚಿಜುರು ಎಡ ತೋಳಿನಲ್ಲಿ ಇಬುಕಿಯನ್ನು ಇಟ್ಟುಕೊಂಡು ಬಾಗಿಲಿಗೆ ಬಂದಳು.

"ಇಲ್ಲೊಂದು ಕೈ, ಅಲ್ಲೊಂದು ಕೈ, ಕೆಳಗೆ ಕಾಲಲ್ಲಿ ಒತ್ತಿದ್ರೆ ಆಯ್ತು. ರೈಲಲ್ಲೇ ಪರೀಕ್ಷೆ ಮಾಡಿದ್ದೀನಿ, ಇಬುಕಿ ಅಷ್ಟೇ ತೂಕ ಇಟ್ಟು."

ಚಿಜುರು ಬಲಗೈ ಚಾಚಿದಳು. ಒಂದು ಹಿಡಿಕೆ ಸಿಕ್ಕಿತು. ಇನ್ನೊಂದು ಹಿಡಿಕೆ ಎಡಗೈಗಾಗಿ ಕಾಯುತ್ತಿತ್ತು. ಎಡಗೈಯಲ್ಲಿ ಮಗು ಇತ್ತು.

"ಅಪ್ಪ, ನೀನು ಮಡಚೋವಾಗ ಇವಳು ಎಲ್ಲಿದ್ದಳು?"

ನಾಗುಮೊ ಗಾಡಿಯ ಚಕ್ರ ಒರೆಸತೊಡಗಿದ. ತಪ್ಪು ಹೊತ್ತಿನಲ್ಲಿ ಸತ್ಯ ಹೇಳುವುದು ಗೆಳೆಯನಾದವನ ಧರ್ಮ. "ಲಗೇಜ್ ಅಟ್ಟದ ಮೇಲೆ," ಎಂದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತು ಕೆಳಗೆ ನೋಡಿದಳು, ಬಾವಿಯೊಳಗೆ ನೋಡಿದ ಹಾಗೆ. "ಹೋಗ್ಲಿ ಬಿಡಪ್ಪ. ಇವಳು ನಡೆಯೋ ಹೊತ್ತಿಗೆ ಇಳಿದ್ರಾಯ್ತು."

ನಾಗುಮೊ ಕೆಳಗಿಳಿಯುವಾಗ ನಾನು ಏನೂ ತಮಾಷೆ ಮಾಡಲಿಲ್ಲ. ನನ್ನ ಬದುಕಿನಲ್ಲಿ ಇದು ಎರಡನೆಯ ಸಲ.

ಮರುದಿನ ಅಂಗಡಿ ತೆರೆಯುವಾಗಲೇ ನಾವು ಬಾಗಿಲಲ್ಲಿದ್ದೆವು. ಅಕ್ಕಿ ಕೂಸನ್ನು ನಾಗುಮೊ ಎಡ ತೋಳಿಗೆ ಪಟ್ಟಿ ಸುತ್ತಿ ಬಿಗಿದಿದ್ದ, ಬಿಡಿಸಬೇಕೆಂದರೆ ಶಸ್ತ್ರಚಿಕಿತ್ಸೆಯೇ ಬೇಕು. ಬಲಗೈ ಒಂದರಲ್ಲೇ ಹನ್ನೊಂದು ಗಾಡಿಗಳ ಜೊತೆ ಕುಸ್ತಿಗಿಳಿದ. ಒಂದು ಅವನ ಬೆರಳು ಕಚ್ಚಿತು, ಒಂದು ಅವನ ಟೈ ನುಂಗಿತು, ಒಂದು ಅರ್ಧ ಮಡಚಿ ಅವನನ್ನೂ ಒಳಗೆ ಸೇರಿಸಿಕೊಂಡು ನಿಂತಿತು. ಅಂಗಡಿಯ ಹೆಣ್ಣುಮಗಳು ಹನ್ನೆರಡನೆಯದನ್ನು ತಳ್ಳಿಕೊಂಡು ಬಂದಳು. ಕುಂಬಳಕಾಯಿ.

ನಾಗುಮೊ ಹಿಡಿಕೆಯ ಗುಂಡಿ ಒತ್ತಿದ. ಗಾಡಿ ಬಾಗಿ ನಮಸ್ಕಾರ ಮಾಡಿದ ಹಾಗೆ ಮಡಚಿಕೊಂಡಿತು.

"ಮೊನ್ನೇನೇ ಹೇಳಿದ್ದೆ, ತಾತ."

"ಮೊನ್ನೆ ನನಗೆ ಎರಡು ಕೈ ಇದ್ವು," ಎಂದ.

ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯ ಹಿಂದಿನ ಮೆಟ್ಟಿಲಿನಲ್ಲಿ, ಎಡಕ್ಕೆ ಅಕ್ಕಿ, ಬಲಕ್ಕೆ ಗಾಡಿ ಹೊತ್ತು ನಲವತ್ತೆಂಟು ಎಣಿಸಿ ಹತ್ತಿದ, ನಲವತ್ತೆಂಟು ಎಣಿಸಿ ಇಳಿದ. ಮುಖ ಗಾಡಿಯ ಬಣ್ಣಕ್ಕೆ ತಿರುಗಿತ್ತು.

ತಪಾಸಣೆಯ ದಿನ ಚಿಜುರು ಮೇಲಿನಿಂದಲೇ ಕೂಗಿ ಹೇಳಿದಳು, "ಇಬ್ರೂ ಸೈಕಲ್ ಸ್ಟ್ಯಾಂಡ್ ಹತ್ರ ನಿಲ್ಲಿ. ಕೈ ಹಿಂದೆ ಕಟ್ಕೊಳ್ಳಿ."

ನಿಂತೆವು. ಅವಳು ಒಂದು ತೋಳಿನಲ್ಲಿ ಮಗು, ಇನ್ನೊಂದರಲ್ಲಿ ಕುಂಬಳಕಾಯಿ ಹೊತ್ತು ಇಳಿದಳು. ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡಳು. ಅಷ್ಟು ಹೊತ್ತೂ ನಾಗುಮೊ ಉಸಿರು ಬಿಡಲಿಲ್ಲ. ಕೆಳಗೆ ಬಂದು ಗುಂಡಿ ಒತ್ತಿ, ಗಾಡಿ ಕೊಡವಿ, ಇಬುಕಿಯನ್ನು ಮಲಗಿಸಿ, ನಮ್ಮ ಕಡೆ ತಿರುಗದೆ ಹೊರಟಳು.

ನಾವು ಇಪ್ಪತ್ತು ಹೆಜ್ಜೆ ಹಿಂದೆ, ಯಾರಿಗೂ ಗೊತ್ತಾಗದಂತೆ ಹೋದೆವು. ಗೊತ್ತಾಗದಂತೆ ಎಂದರೆ, ದಾರಿಯಲ್ಲಿ ಕೇವಲ ಒಂಬತ್ತು ಜನ ನಮ್ಮನ್ನು ಮಾತಾಡಿಸಿದರು.

ಪ್ಲಾಟ್‌ಫಾರ್ಮಿಗೆ ರೈಲು ಬಂತು, ಬಾಗಿಲು ತೆರೆಯಿತು. ಒಳಗೆ ಜನ. ಚಿಜುರು ಮುಂದಿನ ಚಕ್ರ ಎತ್ತಿ ಸಂದಿನ ಮೇಲೆ ಹಿಡಿದು ಒಂದು ಗಳಿಗೆ ತಡೆದಳು. ನನ್ನ ಪಕ್ಕದಲ್ಲಿ ನಾಗುಮೊನ ಎರಡೂ ಅಂಗೈ ತಾವಾಗಿಯೇ ಎದೆಮಟ್ಟಕ್ಕೆ ಏರಿದವು, ಕಾಲು ಮುಂದಾಯಿತು. ನಾನು ಅವನ ಕೋಟಿನ ಬೆಲ್ಟು ಹಿಡಿದುಕೊಂಡೆ.

"ಬಿಡಯ್ಯ, ಒಂದೇ ಒಂದು ಚೂರು," ಎಂದ.

"ಕೈ ಹಿಂದೆ," ಎಂದೆ.

ಚಕ್ರ ದಾಟಿತು. ಒಳಗಿದ್ದವರು ಸರಿದು, ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡು, ಕುಂಬಳಕಾಯಿಗೆ ಜಾಗ ಮಾಡಿದರು. ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳು ನಮ್ಮನ್ನು ನೋಡಿದಳು. ಮೊದಲಿನಿಂದಲೂ ಗೊತ್ತಿತ್ತು ಎಂಬ ಮುಖ. ಅಪ್ಪನ ಕಡೆಗೆ ನಾಲಗೆ ಚಾಚಿದಳು, ಏಳು ವರ್ಷದವಳಾಗಿದ್ದಾಗ ಚಾಚುತ್ತಿದ್ದ ಹಾಗೆ.

ರೈಲು ಹೋದ ಮೇಲೂ ನಾಗುಮೊ ಅಲ್ಲೇ ನಿಂತಿದ್ದ. ಮೂಗು ಒರೆಸಿಕೊಂಡು, ಖಾಲಿ ಹಳಿ ನೋಡುತ್ತ ಹೇಳಿದ, "ಬಾಗಿಲು ಒಂದು ಸೆಕೆಂಡ್ ಬೇಗ ಮುಚ್ಚಿದ್ರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ."