ಏಕಾದಶಿಯ ಒಂದು ಪ್ಲೇಟ್ ಉಪ್ಪಿಟ್ಟು

೨೦೧೫ರಲ್ಲಿ ನಾನು ನವಿ ಮುಂಬೈಯ ಮಹಾಪೆಯಲ್ಲಿ ಒಂದು ಸಾಫ್ಟ್‌ವೇರ್ ಭದ್ರತಾ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದೆ. ಕ್ಲೌಡ್ ಎಂದರೆ ಬಾಡಿಗೆಗೆ ಪಡೆದ ದೂರದ ಕಂಪ್ಯೂಟರುಗಳು. ಅಲ್ಲಿಟ್ಟ ಜನರ ಮಾಹಿತಿಯನ್ನು ಯಾರು ನೋಡಬಹುದು, ಯಾರಿಗೆ ಕೊಡಬಹುದು ಎಂದು ನಿಯಮ ಬರೆಯುವ ಸ್ಟ್ಯಾಂಡರ್ಡ್ಸ್ ಸಮಿತಿಗೆ ನನ್ನನ್ನೂ ಹಾಕಿದ್ದರು. ಮನೆ ಡೊಂಬಿವಲಿಯಲ್ಲಿ. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಡುವುದೇ ದಿನದ ಅತಿ ಕಷ್ಟದ ಕೆಲಸವಾಗಿತ್ತು.

ಸಮಿತಿಯ ಜಗಳ ಒಂದೇ ಒಂದು ಸಾಲಿನದು. ಹೆಸರು, ಫೋನ್ ನಂಬರ್ ತೆಗೆದುಹಾಕಿದ ಮೇಲೆ ಅದು ಖಾಸಗಿ ಮಾಹಿತಿಯಲ್ಲ, ಯಾರಿಗೆ ಬೇಕಾದರೂ ಮಾರಬಹುದು ಎಂದು ಕರಡಿನಲ್ಲಿತ್ತು. ಎಲ್ಲರೂ ಒಪ್ಪಿದ್ದರು, ನಾನೊಬ್ಬಳು ಬಿಟ್ಟು. ಹೆಸರಿಲ್ಲದೆಯೂ ಆಳನ್ನು ಪತ್ತೆಹಚ್ಚಬಹುದು ಎಂಬುದು ನನ್ನ ವಾದ. ಮನೆಯಲ್ಲಿ ಒಂಟಿಯಾಗಿ ಅಭ್ಯಾಸವಾದವಳಿಗೆ ಸಭೆಯಲ್ಲಿ ಒಂಟಿಯಾಗುವುದು ಏನು ಮಹಾ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಚಹಾದ ಬಿಡುವಿನಲ್ಲಿ ನನ್ನ ಪಕ್ಕ ಯಾರೂ ನಿಲ್ಲುತ್ತಿರಲಿಲ್ಲ, ಅದು ನೋಯುತ್ತಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎನ್ನುತ್ತಾರೆ. ನಮ್ಮ ಸಮಿತಿಗೆ ಕನ್ನಡಿಯೇ ಬೇಕಿತ್ತು. ಅಧ್ಯಕ್ಷರು ಧಾರವಾಡ ಮೂಲದ ದೇಶಪಾಂಡೆಯವರು. "ಮೇಡಂ, ಬರೇ ಆಗತದ ಆಗತದ ಅಂದ್ರ ನಡಿಯೂದಿಲ್ರೀ. ಒಬ್ಬರನ್ನರ ಹುಡುಕಿ ತೋರಸ್ರಿ," ಎಂದರು. ಠಾಣೆಯಿಂದ ಕಲ್ಯಾಣದವರೆಗೆ ಮನೆಮನೆಗೆ ಊಟ ತಲುಪಿಸುವ ಒಂದು ಕಂಪನಿ ತನ್ನ ಹಳೆಯ ಆರ್ಡರುಗಳ ಫೈಲು ಕೊಟ್ಟಿತು. ಹೆಸರಿನ ಜಾಗದಲ್ಲಿ ಗಿರಾಕಿಗೊಂದರಂತೆ ಬರೀ ಒಂದು ಸಂಖ್ಯೆ, ಜೊತೆಗೆ ಬಡಾವಣೆ, ತಾರೀಕು, ತಿಂಡಿ. ಕಂಪನಿಯ ಪರವಾಗಿ ಬರುತ್ತಿದ್ದ ಬೆಂಗಳೂರಿನ ಕಿರಣ್ ನಕ್ಕ. "ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಇನ್ನೇನ್ ಸಿಗತ್ತೆ ಮೇಡಂ?"

ಸಿಗುವುದು ಬೇಕಾದಷ್ಟಿತ್ತು. ವಿಠ್ಠಲವಾಡಿಯಲ್ಲಿ ಯಾರೋ ಒಬ್ಬರು ದಿನವೂ ಉಪ್ಪಿಲ್ಲದ ಗಂಜಿ ತರಿಸುತ್ತಿದ್ದರು. ಆ ಬೀದಿಯವರಿಗೆ ಮನೆ ಯಾವುದೆಂದು ಹೇಳಬೇಕಾಗಿಯೇ ಇಲ್ಲ. ಆದರೆ ಆ ರೋಗಿಯನ್ನು ಪರದೆಯ ಮೇಲೆ ತಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಪ್ಪಿಗೆ ಕೇಳಬಹುದಾದ ವ್ಯಕ್ತಿ ಆ ಫೈಲಿನಲ್ಲಿ ಒಬ್ಬಳೇ ಇದ್ದಳು. ಅಮ್ಮನಿಗೆ ಮಂಡಿನೋವು ಬಂದು ಒಲೆಯ ಮುಂದೆ ನಿಲ್ಲಲಾಗದ ಕಾಲದಿಂದ ನಾವೂ ಅದೇ ಕಂಪನಿಯ ಗಿರಾಕಿಗಳು.

ವಾಶಿಯ ಸಭೆಯಲ್ಲಿ ಏಕಾದಶಿಯ ದಿನಗಳನ್ನಷ್ಟೇ ಆರಿಸಿ ತೋರಿಸಿದೆ. ಉಪವಾಸದ ದಿನ ಮರಾಠಿ ಮನೆಗಳು ತರಿಸುವುದು ಸಾಬುದಾಣೆ, ಅಂದರೆ ಸಬ್ಬಕ್ಕಿಯ ಖಿಚಡಿ. ಅವರಿಗೆ ರವೆ ನಿಷಿದ್ಧ. ನಮ್ಮ ಉಡುಪಿ ಕಡೆ ಅನ್ನ ಮಾತ್ರ ಕೂಡದು, ಫಲಾಹಾರಕ್ಕೆ ರವೆಯ ಉಪ್ಪಿಟ್ಟು ನಡೆಯುತ್ತದೆ. ನಮ್ಮ ಬಡಾವಣೆಯಲ್ಲಿ ಪ್ರತಿ ಏಕಾದಶಿಗೂ ಈರುಳ್ಳಿ ಇಲ್ಲದ ಉಪ್ಪಿಟ್ಟು ತರಿಸಿದ್ದು ಒಂದೇ ಸಂಖ್ಯೆ.

"ಇದು ನಿಮ್ಮ ಕಡೇ ಮನೀನ ಇರಬೇಕಲ್ರೀ," ಎಂದರು ದೇಶಪಾಂಡೆ.

"ನಮ್ಮ ಕಡೆಯದ್ದಲ್ಲ, ನಮ್ಮದೇ ಮನೆ," ಎಂದೆ.

ಆ ಸಂಖ್ಯೆಯ ಉಳಿದ ಸಾಲುಗಳನ್ನೂ ತೆರೆದೆ. ಗಣೇಶ ಚೌತಿಗೆ ಒಂದೇ ಊಟ. ದೀಪಾವಳಿಗೂ ಒಂದೇ. ಸಮಿತಿಯವರ ಮುಂದೆ ನನ್ನ ಬದುಕನ್ನು ಹೀಗೆ ಹರವಿಟ್ಟಾಗ ಕಿವಿಯವರೆಗೂ ಬಿಸಿಯಾಯಿತು. ಯಾರೂ ನಗಲಿಲ್ಲ. ದೇಶಪಾಂಡೆ, ಮಾರಬಹುದು ಎಂಬ ಸಾಲನ್ನು ಕರಡಿನಿಂದ ಹೊಡೆದುಹಾಕಿದರು. ಬೇರೆ ವಿವರಗಳ ಜೊತೆ ಜೋಡಿಸಿ ವ್ಯಕ್ತಿಯನ್ನು ಗುರುತಿಸಬಹುದಾದರೆ ಅದು ಖಾಸಗಿಯೇ ಎಂಬ ಸಾಲು ಬಂತು.

ಎಲ್ಲರೂ ಏಳುತ್ತಿದ್ದರು. ಕಿರಣ್ ಮಾತ್ರ ಪರದೆಯನ್ನೇ ನೋಡುತ್ತಿದ್ದ.

"ಮೇಡಂ, ಮೊದ್ಲು ಏಕಾದಶಿಗೆ ಒಂದ್ ಉಪ್ಪಿಟ್ಟು, ಒಂದ್ ಅನ್ನದ ಊಟ ಹೋಗ್ತಿತ್ತು. ಆಮೇಲೆ ಉಪ್ಪಿಟ್ಟೊಂದೇ. ಆ ಅನ್ನ ತಿಂತಿದ್ದೋರು... ತೀರ್ಕೊಂಡ್ರಾ?"



"ಅಲ್ಲ ಕಿರಣ್. ಅನ್ನ ತಿನ್ನುತ್ತಾ ಇದ್ದದ್ದು ನಾನು. ಏಕಾದಶಿ ಮಾಡುತ್ತಾ ಇದ್ದದ್ದು ಅಮ್ಮ."

"ಮತ್ತೆ ಈಗ ಉಪ್ಪಿಟ್ಟು?"

"ಈಗ ನಾನೇ ತಿನ್ನುವುದು."

ಹೆಸರು ಅಳಿಸಿದರೂ ಮನುಷ್ಯರು ಸಿಕ್ಕಿಬೀಳುತ್ತಾರೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಸಿಕ್ಕಿದ ಮೇಲೂ ಅವರ ಬಗ್ಗೆ ತಪ್ಪನ್ನೇ ತಿಳಿದುಕೊಳ್ಳುತ್ತೇವೆ ಎಂಬುದನ್ನು ಕಲಿಸಿದ್ದು ಆ ದಿನ. ಫೈಲಿನ ಪ್ರಕಾರ ಹೋದವಳು ನಾನು, ಡೊಂಬಿವಲಿಯ ಮನೆಯಲ್ಲಿ ಅಮ್ಮ ಇನ್ನೂ ಇದ್ದಳು. ಕಿರಣ್‌ನನ್ನು ತಿದ್ದಿದೆ, ಫೈಲನ್ನು ತಿದ್ದಲು ನನಗೆ ಮನಸ್ಸೇ ಇರಲಿಲ್ಲ.