ಮೊಟ್ಟೆ ಟ್ರೇಯಲ್ಲಿ ಕ್ರಿಯಾಪದಗಳು

ಹಂಗಳದ ಅಂಗಡಿಯೊಂದರ ಮುಂದೆ ಮೊನ್ನೆ ಖಾಲಿ ಮೊಟ್ಟೆ ಟ್ರೇಗಳು ಮಳೆಗೆ ನೆನೆದು ಬಿದ್ದಿದ್ದವು. ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿದೊಡನೆ, ನಮ್ಮ ಬೀದಿಯ ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಕ್ಕಳ ಮೂಗೊರೆಸುತ್ತಿದ್ದ ಆಯಾ ನೆನಪಾದರು...

ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಕಲಿಸಿದೆ ಎಂಬುದು ನನ್ನ ಹೇಳಿಕೆ. ಕಲಿತೆವು ಎಂದು ಯಾರೂ ಹೇಳಿಕೆ ಕೊಟ್ಟಿಲ್ಲ. ಆಯಾ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದನ್ನೇ ಉಳಿಸಿಕೊಂಡಿದ್ದರು. ಅದೊಂದು ಪಾಸಾದರೆ ಅಂಗನವಾಡಿ ಟೀಚರಾಗಿ ಬಡ್ತಿ. ವಯಸ್ಸಿನ ಮಿತಿ ದಾಟುವ ಮುನ್ನ ಉಳಿದಿದ್ದದ್ದು ಒಂದೇ ಪರೀಕ್ಷೆ. ಹೇಳಿಕೊಡಿ ಎಂದು ನನ್ನನ್ನು ಕೇಳಿಕೊಂಡರು.

ಅಡಿಪಾಯವಿಲ್ಲದೆ ಗೋಡೆ ಎಬ್ಬಿಸಬಾರದೆಂಬುದು ನನ್ನ ಸಿದ್ಧಾಂತ. ಕ್ರಿಯಾಪದದ ವಿಧಗಳು ಪೂರ್ತಿ ತಿಳಿಯುವವರೆಗೆ ಒಂದು ವಾಕ್ಯವನ್ನೂ ಬರೆಯಕೂಡದೆಂದು ಅಪ್ಪಣೆ ಕೊಡಿಸಿದೆ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಆಕೆ ಖಾಲಿ ಮೊಟ್ಟೆ ಟ್ರೇ ಮುಂದಿಟ್ಟುಕೊಂಡು, ಚೀಟಿಯಲ್ಲಿ ಬರೆದ ಇಂಗ್ಲಿಷ್ ಕ್ರಿಯಾಪದಗಳನ್ನು ಜಾತಿವಾರು ಅದರ ಗುಳಿಗಳಿಗೆ ಹಾಕುತ್ತಿದ್ದರು. ಸಕರ್ಮಕಕ್ಕೆ ಒಂದು ಸಾಲು, ಅಕರ್ಮಕಕ್ಕೆ ಒಂದು, ಸಹಾಯಕ ಕ್ರಿಯಾಪದಕ್ಕೆ ಅಂಚು. “ಸಹಾಯಕಿ ಅಂದ್ರೆ ಅಲ್ಲೂ ಆಯಾನೇ, ಮೂಲೇಲಿ ಕಣಿ ಸಾ” ಎಂದು ನಕ್ಕಿದ್ದರು.

ಇನ್ನೊಂದು ದಿನ, “ಈಟ್‌ಗೆ ಏನಾರ ಕೊಡ್ಲೇಬೇಕು ಸಾ, ಇಲ್ದಿದ್ರೆ ರಚ್ಚೆ ಇಡೀತದೆ. ಸ್ಲೀಪ್ ಪಾಪ, ಏನೂ ಕೇಳಕಿಲ್ಲ” ಎಂದರು. ನನ್ನ ಇಡೀ ಸರ್ವಿಸಿನಲ್ಲಿ ನಾನು ಅಷ್ಟು ಚೆಂದವಾಗಿ ಹೇಳಿರಲಿಲ್ಲ. “ಸುಮಾರಾಗಿದೆ ಕಣಮ್ಮ” ಎಂದೆ. ಹೊಗಳಿದರೆ ಶಿಷ್ಯರು ಕೆಡುತ್ತಾರೆ.

“ವಾಕ್ಯ ಯಾವಾಗ ಸಾ?”

“ಮೊದಲು ಟ್ರೇ ತುಂಬಲಿ.”

ಟ್ರೇ ತುಂಬುವ ಹೊತ್ತಿಗೆ ಪರೀಕ್ಷೆಯೇ ಬಂತು. ಚಾಮರಾಜನಗರದಲ್ಲಿ ಬರೆದು, ಸಂಜೆ ಬಸ್ಸಿಳಿದವರೇ ನೆಟ್ಟಗೆ ನನ್ನ ಜಗಲಿಗೆ ಬಂದರು.

“ರಜಾ ಚೀಟಿ ಬರಿ, ಕಥೆ ಬರಿ ಅಂತ ಕೇಳ್ಬುಟ್ಟವ್ರೆ ಸಾ. ಅದ್ಯಾವ್ದೂ ನೀವು ಯೋಳಿರ್ನಿಲ್ಲ. ಅದ್ಕೇ ಪ್ರಶ್ನೆಪತ್ರಿಕೇಲಿದ್ದ ಕ್ರಿಯಾಪದ ಅಷ್ಟನ್ನೂ ಎತ್ತಿ ಬರ್ದು, ಯಾವ್ಯಾವ ಜಾತಿ ಅಂತ ವಿಂಗಡ್ಸಿ ಮಡಗ್ಬುಟ್ಟೆ. ಒಂದೂ ಬುಟ್ಟಿಲ್ಲ ಕಣಿ ಸಾ!”

ಮುಖ ಅರಳಿತ್ತು. ನನಗೆ ಫಲಿತಾಂಶ ಆಗಲೇ ತಿಳಿದುಹೋಯಿತು. “ಒಳ್ಳೇದಾಯ್ತು” ಎಂದೆ. ಆ ಮಾತನ್ನು ನಂಬಿಕೊಂಡು ಆಕೆ ದಿನಾ ಟೀಚರಿನಂತೆ ಹಾಜರಿ ಕೂಗುವುದನ್ನು ಅಭ್ಯಾಸ ಮಾಡುತ್ತಿದ್ದುದು ಬೀದಿಗೆಲ್ಲ ಕೇಳುತ್ತಿತ್ತು...

ಫೇಲಾದರು. ಟೀಚರಾಗಿ ಬೇರೆ ಊರಿನ ಹುಡುಗಿ ಬಂದಳು. ಆಯಾ ಕಡೆಯವರೆಗೂ ಅವಳ ಕೈಕೆಳಗೆ ಪಾತ್ರೆ ತೊಳೆದರು. “ನನ್ ತಲೇಲೇ ಮಣ್ಣು, ಮೇಷ್ಟ್ರು ಬಂಗಾರದಂಗೆ ಯೋಳ್ಕೊಟ್ರು” ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ತಪ್ಪು ನನ್ನದೆಂದು ಹೇಳಲು ಎಷ್ಟೋ ಸಲ ಅಂಗನವಾಡಿಯ ಬಾಗಿಲವರೆಗೆ ಹೋದದ್ದುಂಟು. ಮಕ್ಕಳು ಮಲಗಿವೆ, ಎಚ್ಚರವಾದಾವು ಎಂದು ಹಿಂದಿರುಗಿದ್ದೂ ಉಂಟು.

ಹೋದ ತಿಂಗಳು ಆಕೆಯ ಹನ್ನೊಂದನೆಯ ದಿನದ ಊಟಕ್ಕೆ ಕರೆದಿದ್ದರು. ಮಗಳು ನೆಂಟರಿಗೆ ನನ್ನನ್ನು ತೋರಿಸಿ, “ಇವ್ರೇ ನಮ್ಮವ್ವಂಗೆ ಇಂಗ್ಲಿಷ್ ಯೋಳ್ಕೊಟ್ಟ ಮೇಷ್ಟ್ರು” ಎಂದಳು. ಎಲ್ಲರೂ ಎದ್ದು ಕೈ ಮುಗಿದರು. ನಾನೂ ಮುಗಿದೆ. ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದರು, ಉಂಡು ಬಂದೆ.

ಈಗ ಹೇಳೋಣವೆಂದರೆ ಕೇಳಬೇಕಾದವರಿಲ್ಲ. ಇದ್ದಾಗಲೂ ಹೇಳಿದವನಲ್ಲ ನಾನು.