ಭಾಗ್ಯಮ್ಮನ ಕಂಪ್ಯೂಟರ್ ಬಾಯಿ ಮುಚ್ಚಿಸಿದ್ದು ಯಾರು?

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ಅರಸೀಕೆರೆಯ ಒಂದು ಗ್ರಂಥಾಲಯದ ಹನ್ನೆರಡು ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದಾಗಿತ್ತು. ಪುಸ್ತಕಗಳ ಪಟ್ಟಿ ಮಾಡಲು ಜಾವಗಲ್ಲಿನ ಭಾಗ್ಯಮ್ಮ ತಾತ್ಕಾಲಿಕವಾಗಿ ಸೇರಿದ್ದರು. ಅವರಿಗೆ ಕಣ್ಣು ಕಾಣದು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಕೇಳಿಕೊಂಡು ನನಗಿಂತ ಬೇಗ ಟೈಪ್ ಮಾಡುತ್ತಿದ್ದರು. ಇಲಾಖೆಯ ಅಧಿಕಾರಿಯ ಎದುರು ಪಟ್ಟಿ ಮಾಡಿ ತೋರಿಸುವ ಒಂದು ಪರೀಕ್ಷೆ ದಾಟಿದರೆ ಕೆಲಸ ಕಾಯಂ.

ನಾವು ಬಳಸುತ್ತಿದ್ದುದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತಿದ್ದಿ ಬಳಸಬಹುದಾದ ತಂತ್ರಾಂಶ; ಅದರಲ್ಲಿ ಡೆಸ್ಕ್‌ಟಾಪ್‌ಗಳು, ಪರದೆಯ ಮೇಲೆ ಕಾಣುವ ಕೆಲಸದ ಅಂಗಳಗಳು, ಹಲವು. ಒಂದೊಂದೂ ತನ್ನ ಬಟನ್, ಪಟ್ಟಿಗಳನ್ನು ತನ್ನದೇ ಆಬ್ಜೆಕ್ಟ್ ಫ್ರೇಮ್‌ವರ್ಕ್‌ನಲ್ಲಿ, ಅಂದರೆ ತನ್ನದೇ ಅಚ್ಚಿನಲ್ಲಿ, ಎರಕ ಹೊಯ್ಯುತ್ತದೆ. ಎಲ್ಲರೂ ಹಂಚಿಕೊಳ್ಳುವ ಒಂದು ಪದರ ಅಡಿಯಲ್ಲಿದ್ದರೆ ಮಾತ್ರ ಸ್ಕ್ರೀನ್ ರೀಡರ್‌ಗೆ ‘ಇದು ಬಟನ್’ ಎಂದು ತಿಳಿಯುತ್ತದೆ. ಅದು ಬಿಟ್ಟು ‘ನಮ್ಮದು, ನಿಮ್ಮದು’ ಎಂದು ಕಚ್ಚಾಡುವ ತಂತ್ರಾಂಶದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ.

ಪರೀಕ್ಷೆಯ ದಿನ ಪಟ್ಟಿಯ ತಂತ್ರಾಂಶ ತೆರೆದರೆ ಸ್ಕ್ರೀನ್ ರೀಡರ್ ತುಟಿ ಪಿಟಕ್ಕೆನ್ನಲಿಲ್ಲ. ಭಾಗ್ಯಮ್ಮ ಕೀಲಿ ಒತ್ತಿದರು, ಮತ್ತೆ ಮತ್ತೆ ಒತ್ತಿದರು. “ಸಾರ್, ಏನೂ ಹೇಳ್ತಾನೇ ಇಲ್ಲ ಇದು. ಎಲ್ಲಿದೀನಿ ಅಂತ್ಲೇ ಗೊತ್ತಾಯ್ತಿಲ್ಲ.”

ಅಧಿಕಾರಿ ಗಡಿಯಾರ ನೋಡಿದರು. “ಇವ್ರ ಕೈಲಿ ಆಗಲ್ಲ ಅಂತ ಮೊದ್ಲೇ ಹೇಳಿದ್ನಲ್ರೀ,” ಎಂದು ಸಿಬ್ಬಂದಿಯೆಲ್ಲರ ಎದುರೇ ಹೇಳಿ, ಹಾಗೆಯೇ ಬರೆದುಕೊಂಡು ಎದ್ದರು.

ತಂತ್ರಾಂಶ ಬರೆದವರು ಬೇಲೂರಿನ ನಾಗರಾಜು. ನಾವು ಬಳಸುತ್ತಿದ್ದ ಡೆಸ್ಕ್‌ಟಾಪ್ ಒಂದು, ಅವರು ಮೆಚ್ಚಿಕೊಂಡು ತಂತ್ರಾಂಶ ಕಟ್ಟಿದ್ದು ಇನ್ನೊಂದರ ಅಚ್ಚಿನಲ್ಲಿ. ಅಷ್ಟು ದಿನ ಮಾತಾಡುತ್ತಿದ್ದುದನ್ನು ಅವರೇ ಏನೋ ಬದಲಿಸಿ ಕೆಡಿಸಿದ್ದಾರೆ ಎಂದು ಫೋನಿನಲ್ಲಿ ವಾಚಾಮಗೋಚರವಾಗಿ ಬೈದೆ. “ಬಂದ್ ನೋಡ್ರೀ ಸ್ವಾಮಿ, ಆಮೇಲ್ ಬಯ್ಯೋರಂತೆ,” ಎಂದು ಫೋನ್ ಇಟ್ಟರು. ಮರುದಿನವೇ ಭಾಗ್ಯಮ್ಮನ ಜೊತೆ ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇನ್ನಷ್ಟು ಬೈಗುಳ ಹೊಂದಿಸಿಕೊಂಡೆ.

ನಾಗರಾಜು ಅವರ ಕಂಪ್ಯೂಟರ್‌ನಲ್ಲಿ ಅದೇ ತಂತ್ರಾಂಶ ಅರಳು ಹುರಿದಂತೆ ಮಾತಾಡಿತು. ಭಾಗ್ಯಮ್ಮ ಸಲೀಸಾಗಿ ಐದು ಪುಸ್ತಕ ಪಟ್ಟಿಗೆ ಸೇರಿಸಿ ನನ್ನತ್ತ ತಿರುಗಿದರು. “ಸಾರ್, ನಮ್ಮಲ್ಲಿ ಏನಾದ್ರೂ ತೆಗ್ದಿದ್ರಾ?”

ತೆಗೆದಿದ್ದೆ. ಪರೀಕ್ಷೆಯ ಹಿಂದಿನ ದಿನ, ಯಂತ್ರಗಳು ಚುರುಕಾಗಲೆಂದು ‘ಇದು ಆಚೆ ಡೆಸ್ಕ್‌ಟಾಪಿನವರ ಸಾಮಾನು, ನಮಗ್ಯಾಕೆ’ ಎಂದು ಒಂದು ಪ್ಯಾಕೇಜು, ಅಂದರೆ ತಂತ್ರಾಂಶದ ಒಂದು ಸಣ್ಣ ಕಟ್ಟು, ಕಿತ್ತುಹಾಕಿದ್ದೆ. ನಾಗರಾಜು ಅವರ ಬಟನ್‌ಗಳನ್ನು ಅಡಿಯ ಪದರಕ್ಕೆ ಸೇರಿಸುತ್ತಿದ್ದ ಕೊಂಡಿಯೇ ಅದು. ಬೇರೆ ಎಲ್ಲವೂ ಮಾತಾಡುತ್ತಿದ್ದುದರಿಂದ ನನಗೆ ಗೊತ್ತೇ ಆಗಲಿಲ್ಲ. ಅಹಂಕಾರ ನನ್ನದು, ಬೈಸಿಕೊಂಡವರು ಅವರು. ಅಲ್ಲೇ ಕ್ಷಮೆ ಕೇಳಿದೆ.

ತಪ್ಪು ನನ್ನದೆಂದು ಬರೆದು ಮರುಪರೀಕ್ಷೆ ಕೋರಿದ ಪತ್ರ ಒಯ್ದಾಗ ಅಧಿಕಾರಿ, “ತಾಂತ್ರಿಕ ದೋಷ ಅಂತ ಬರೀರಿ, ಸಾಕು,” ಎಂದರು.

“ಯಂತ್ರದ್ದೇನೂ ದೋಷ ಇಲ್ಲ ಸಾರ್. ನನ್ನ ಹೆಸರೇ ಇರ್ಲಿ,” ಎಂದೆ.

ಕಿತ್ತ ಪ್ಯಾಕೇಜನ್ನು ಮತ್ತೆ ಹಾಕಿದೆ. ಭಾಗ್ಯಮ್ಮ ಎರಡನೇ ಸಲ ಅರ್ಧ ಸಮಯದಲ್ಲೇ ಮುಗಿಸಿದರು. ಕೆಲಸ ಕಾಯಂ ಆಯಿತು. ಯಾವುದನ್ನೇ ಕೀಳುವ ಮೊದಲು ಅದನ್ನು ನಂಬಿ ಕೂತವರನ್ನು ಕೇಳಬೇಕು ಎನ್ನುವುದನ್ನು ಕಲಿಯಲು ನನ್ನ ಇಡೀ ಸೇವೆಯೇ ಬೇಕಾಯಿತು. ಅಷ್ಟರಲ್ಲಿ ‘ಇವರ ಕೈಲಿ ಆಗಲ್ಲ’ ಎಂಬ ಮಾತನ್ನು ಭಾಗ್ಯಮ್ಮ ಎಲ್ಲರೆದುರು ಕೇಳಿಸಿಕೊಂಡಾಗಿತ್ತು. ಅದನ್ನು ಅಳಿಸುವ ಕೀಲಿ ನನ್ನ ಬಳಿ ಇರಲಿಲ್ಲ.